ವಸುದೇವನ ಬಟ್ಟಲು

ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲಿರುವ ಆ ವಿಜ್ಞಾನದ ಮೇಷ್ಟ್ರು ಹುಟ್ಟಿದ ತಾರೀಖು ಅವರ ತಾಯಿಗೂ ಸರಿಯಾಗಿ ತಿಳಿದಿರಲಿಲ್ಲ. ‘ಹುಚ್ಚೆಳ್ಳು ಹೂ ಬಿಟ್ಟಿತ್ತು, ಹಸ್ತದ ಮಳೆ ಹಿಡಿದಿತ್ತು’ ಎಂದಷ್ಟೇ ಆಕೆ ಹೇಳುತ್ತಿದ್ದರು. ಶಾಲೆಗೆ ಸೇರಿಸುವ ದಿನ ಹೆಡ್‌ಮೇಷ್ಟ್ರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡಿದರು. ಮುಟ್ಟಿತು. ವಯಸ್ಸಾಗಿದೆ ಎಂದು ತೀರ್ಮಾನವಾಯಿತು. ರಿಜಿಸ್ಟರಿನಲ್ಲಿ ಮೇ ತಿಂಗಳ ಒಂದು ತಾರೀಖು ಬಿತ್ತು. ಆ ಕಾಲದಲ್ಲಿ ಹಳ್ಳಿಯ ಎಷ್ಟೋ ಮಕ್ಕಳ ಜನ್ಮದಿನ ಹೀಗೆಯೇ ಹೆಡ್‌ಮೇಷ್ಟ್ರ ಲೇಖನಿಯಿಂದ ಹುಟ್ಟಿದ್ದು. ಶಾಲೆಗೆ ಸೇರಲು ಅನುಕೂಲವಾಗಲೆಂದು ಅವರೆಲ್ಲ ಮೇ, ಜೂನ್ ತಿಂಗಳಲ್ಲೇ ಹುಟ್ಟಿದರು. ಮುಂದೆ ಸರ್ಕಾರಿ ನೌಕರಿ ಸಿಕ್ಕವರು ಅದೇ ತಿಂಗಳುಗಳಲ್ಲಿ ಸಾಲಾಗಿ ನಿವೃತ್ತರಾದರು.

ಮೇಷ್ಟ್ರ ಸರದಿಯೂ ಬಂತು. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸನ್ನು 2008ರಲ್ಲಿ 58ರಿಂದ 60ಕ್ಕೆ ಏರಿಸಿದ್ದರಿಂದ ಅವರಿಗೆ ಎರಡು ವರ್ಷ ಹೆಚ್ಚಾಗಿಯೇ ದೊರಕಿತ್ತು. ಒಂದು ಮೇ 31ರಂದು ಶಾಲು, ಹಾರ, ಹಣ್ಣಿನ ತಟ್ಟೆ ಮತ್ತು ಒಂದು ಗೋಡೆ ಗಡಿಯಾರದೊಂದಿಗೆ ಮನೆಗೆ ಬಂದರು. ‘ಹಸ್ತ ಮಳೆಯಲ್ಲಿ ಹುಟ್ಟಿದವನು ಮೇ ತಿಂಗಳಲ್ಲಿ ರಿಟೈರ್ ಆದೆ. ನಾಲ್ಕು ತಿಂಗಳು ಮುಂಚೆಯೋ ಎಂಟು ತಿಂಗಳು ತಡವಾಗಿಯೋ, ಭಗವಂತನೇ ಬಲ್ಲ’ ಎಂದು ನಗುತ್ತಿದ್ದರು.

ನಗು ಜೂನ್ ಬರುವವರೆಗೆ ಮಾತ್ರ ಉಳಿಯಿತು. ಮೇಷ್ಟ್ರಾದವರಿಗೆ ಬೇಸಿಗೆ ರಜೆ ಹೊಸದಲ್ಲವಾದ್ದರಿಂದ ನಿವೃತ್ತಿಯ ಮೊದಲ ದಿನಗಳು ರಜೆಯಂತೆಯೇ ಕಾಣುತ್ತವೆ. ನಿಜವಾದ ನಿವೃತ್ತಿ ಶಾಲೆ ತೆರೆದ ದಿನ ಶುರುವಾಗುತ್ತದೆ. ಅಂದು ಬೆಳಗ್ಗೆ ಮೇಷ್ಟ್ರು ಅಭ್ಯಾಸಬಲದಿಂದ ಒಂಬತ್ತು ಗಂಟೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ ಜಗಲಿಗೆ ಬಂದರು.

‘ಎಲ್ಲಿಗ್ರೀ?’ ಎಂದರು ಒಳಗಿನಿಂದ ಹೆಂಡತಿ.

ಎಲ್ಲಿಗೂ ಇಲ್ಲ. ದೂರದಲ್ಲಿ ಗಂಟೆ ಬಾರಿಸಿತು. ಮೇಷ್ಟ್ರು ಜಗಲಿಯ ಮೇಲೆಯೇ ಕುಳಿತರು.

ಮುಂದಿನ ಮೂರು ತಿಂಗಳು ಅವರಿಗೂ ಕಷ್ಟ, ಅವರ ಹೆಂಡತಿಗೆ ಇನ್ನೂ ಕಷ್ಟ. ಪಿಂಚಣಿ ಕಾಗದಪತ್ರ, ಬ್ಯಾಂಕು, ಖಜಾನೆ ಎಂದು ಕುಣಿಗಲ್ಲಿಗೆ ಓಡಾಡಿದ್ದಾಯಿತು. ಇನ್ನು ಮುಂದೆ ವರ್ಷಕ್ಕೊಮ್ಮೆ ನವೆಂಬರಿನಲ್ಲಿ ‘ನಾನು ಬದುಕಿದ್ದೇನೆ’ ಎಂದು ಪ್ರಮಾಣಪತ್ರ ಕೊಡಬೇಕೆಂದು ಯಾರೋ ಹೇಳಿದಾಗ, ಬದುಕಿದ್ದೇನೆಯೇ ಎಂದು ಅವರಿಗೇ ಅನುಮಾನ ಬಂದಿತ್ತಂತೆ. ಮನೆಯಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸಿದರು. ಅಡಿಗೆಮನೆಯ ಶಿಸ್ತಿನ ಬಗ್ಗೆ ಎರಡು ಮಾತು ಹೇಳಿದರು. ‘ನೋಡಿ, ಇದು ನಿಮ್ಮ ಸ್ಕೂಲಲ್ಲ. ಬೆಳಗ್ಗೆ ಒಂದು ಸುತ್ತು ತಿರುಗಾಡಿಕೊಂಡು ಬನ್ನಿ’ ಎಂದರು ಹೆಂಡತಿ. ಅದು ಸಲಹೆಯೋ ಅಪ್ಪಣೆಯೋ, ಮೇಷ್ಟ್ರು ಪಾಲಿಸಿದರು.

ಅಷ್ಟು ಹೊತ್ತಿಗೆ ಭಾದ್ರಪದ ಮುಗಿಯುತ್ತ ಬಂದಿತ್ತು. ಉತ್ತರೆ ಮಳೆ ಹೋಗಿ ಹಸ್ತ ಬರುವ ಸಮಯ. ನಮ್ಮ ಕಡೆ ಶರದೃತು ಯಾವ ಸಡಗರವನ್ನೂ ಮಾಡದೆ ಬರುತ್ತದೆ. ಶೀತದೇಶಗಳಲ್ಲಿ ಈ ಕಾಲಕ್ಕೆ ಮರದ ಎಲೆಗಳೆಲ್ಲ ಕೆಂಪಾಗಿ ಉದುರುತ್ತವೆ. ಇಲ್ಲಿ ತೆಂಗು ಹಸಿರಾಗಿಯೇ ಇರುತ್ತದೆ, ಹುಣಸೆ ಹಸಿರಾಗಿಯೇ ಇರುತ್ತದೆ. ಆದರೆ ಬೆಳಗಿನ ಬಿಸಿಲು ಮಳೆಗೆ ತೊಳೆದಿಟ್ಟಂತೆ ತಿಳಿಯಾಗುತ್ತದೆ, ಬದುವಿನ ಹುಲ್ಲಿನ ಮೇಲೆ ಇಬ್ಬನಿ ಕೂರಲು ತೊಡಗುತ್ತದೆ. ಮೇಷ್ಟ್ರು ಮೊದಲ ದಿನ ಊರಾಚೆ ಹೊಲದ ದಾರಿಗೆ ಬಂದಾಗ ಕಂಡದ್ದು ರಾಗಿ ಹೊಲಗಳ ನಡುನಡುವೆ ಎಳೆದ ಹಳದಿ ಗೆರೆಗಳು. ಹುಚ್ಚೆಳ್ಳು ಹೂ ಬಿಟ್ಟಿತ್ತು.

‘ಏನ್ ಮೇಷ್ಟ್ರೇ, ಇಷ್ಟ್ ಹೊತ್ಗೇ ಬಂದ್ರಿ?’ ಎಂದು ಹೊಲದ ಯಜಮಾನ ಎದ್ದು ನಿಂತ. ಇಪ್ಪತ್ತು ವರ್ಷದ ಹಿಂದೆ ಅವರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು. ವಿಜ್ಞಾನದಲ್ಲಿ ಯಾವಾಗಲೂ ಮೂವತ್ತೈದರ ಆಸುಪಾಸು. ಅಂದು ಪಾಠ ಹೇಳಿದವನು ಅವನು. ರಾಗಿಯ ಏಳೆಂಟು ಸಾಲಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಹರಳು ಬೆರೆಸಿ ಬಿತ್ತುವುದು. ಮಳೆ ಕೈಕೊಟ್ಟು ಒಂದು ಹೋದರೂ ಇನ್ನೊಂದು ಕೈಹಿಡಿಯುತ್ತದೆ. ರಾಗಿ ಕೊಯ್ದ ಮೇಲೆ ಅವರೆ ಹಬ್ಬಿ ಕಾಯಿ ಬಿಡುತ್ತದೆ. ಹುಚ್ಚೆಳ್ಳಿನ ಹೂವಿಗೆ ಜೇನುನೊಣ ಬರಲೇಬೇಕು, ಬರದಿದ್ದರೆ ಕಾಳು ಜೊಳ್ಳು. ‘ನಿಮ್ಗೆ ಗೊತ್ತಿಲ್ದೇ ಇರೋದೇನಲ್ಲ ಬಿಡಿ ಸಾ’ ಎಂದು ಅವನು ಮುಗಿಸಿದ.

ಮೇಷ್ಟ್ರಿಗೆ ಪುಸ್ತಕದಲ್ಲಿ ಗೊತ್ತಿತ್ತು. ಪರಕೀಯ ಪರಾಗಸ್ಪರ್ಶ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದಿದ್ದರು, ಕೆಳಗೆ ಗೆರೆ ಎಳೆದಿದ್ದರು. ಉದಾಹರಣೆಗೆ ಪುಸ್ತಕದಲ್ಲಿದ್ದ ಹೂವನ್ನೇ ಹೇಳಿದ್ದರು. ಹುಚ್ಚೆಳ್ಳು ತನ್ನದೇ ಪರಾಗದಿಂದ ಕಾಳು ಕಟ್ಟಲಾರದು, ಇನ್ನೊಂದು ಗಿಡದ ಪರಾಗವೇ ಬೇಕು ಎಂಬುದು ಅವರಿಗೆ ತಿಳಿದದ್ದು ಆ ದಿನ ಮನೆಗೆ ಬಂದು ಓದಿದ ಮೇಲೆ. ಇನ್ನೂ ಒಂದು ಸಂಗತಿ ಸಿಕ್ಕಿತು. ಹುಚ್ಚೆಳ್ಳಿನ ಮೂಲ ಆಫ್ರಿಕಾದ ಇಥಿಯೋಪಿಯ. ರಾಗಿಯದೂ ಪೂರ್ವ ಆಫ್ರಿಕಾದ ಎತ್ತರದ ನೆಲವೇ. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ಎರಡು ಧಾನ್ಯಗಳು ಅಮೃತೂರಿನ ಹೊಲದಲ್ಲಿ ಈಗಲೂ ಅಕ್ಕಪಕ್ಕದ ಸಾಲಿನಲ್ಲಿ ನಿಂತಿವೆ. ಇದನ್ನು ಹೇಳೋಣವೆಂದು ತಲೆ ಎತ್ತಿದರೆ ಎದುರಿಗೆ ತರಗತಿ ಇರಲಿಲ್ಲ. ಹೆಂಡತಿ ಹುಚ್ಚೆಳ್ಳು ಚಟ್ನಿಪುಡಿಗೆ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಅವರಿಗೇ ಹೇಳಿದರು. ಆಕೆ ಪೂರ್ತಿ ಕೇಳಿ, ‘ಅಷ್ಟು ದೂರದಿಂದ ಬಂದದ್ದಕ್ಕೆ ರುಚಿ ಇಷ್ಟಿರೋದು’ ಎಂದರು.

ಅಂದಿನಿಂದ ಮೇಷ್ಟ್ರ ಬೆಳಗು ಬದಲಾಯಿತು. ಮೊದಲ ಬಸ್ಸಿಗೆ ಬರುವ ಪತ್ರಿಕೆಗೆ ಮುಂಚೆಯೇ ಅವರು ಹೊಲದ ದಾರಿಯಲ್ಲಿರುತ್ತಿದ್ದರು. ಬಾವಿಯ ಮೇಲೆ ಬಾಗಿದ ಈಚಲು ಗರಿಗೆ ಗೀಜಗ ಕಟ್ಟಿದ ಗೂಡುಗಳಲ್ಲಿ ಎಷ್ಟು ಪೂರ್ಣ, ಎಷ್ಟು ಅರ್ಧ ಎಂದು ಎಣಿಸುವುದು. ಗೂಡು ಹೆಣೆಯುವುದು ಗಂಡು. ಹೆಣ್ಣು ಬಂದು ನೋಡಿ ಒಪ್ಪದಿದ್ದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ಕಾಲುವೆಯ ಅಂಚಿನಲ್ಲಿ ಬಾಲ ಕುಣಿಸುವ ಬೂದು ಸಿಪಿಲೆ ಯಾವ ದಿನ ಬಂತೆಂದು ಹಳೆಯ ಡೈರಿಯಲ್ಲಿ ಬರೆದಿಡುವುದು. ಹಿಮಾಲಯದ ಕಡೆಯಿಂದ ಮಳೆಗಾಲದ ಕೊನೆಗೆ ಇಳಿದು ಬರುವ ಹಕ್ಕಿ ಅದು. ಮನೆಗೆ ಬಂದರೆ ಬಿಸಿ ಬಿಸಿ ರೊಟ್ಟಿ, ಚಟ್ನಿಪುಡಿ, ಮೇಲೊಂದು ಚಮಚ ತುಪ್ಪ. ಆಮೇಲೆ ಪತ್ರಿಕೆ. ಮಧ್ಯಾಹ್ನ ಹಿತ್ತಿಲ ಸೀಬೆಮರದ ಕೆಳಗೆ ಕುರ್ಚಿ. ಸಂಜೆ ಮೋಡ ಕಟ್ಟಿದರೆ ಒಣಗಲು ಹಾಕಿದ ಕೊಬ್ಬರಿ ಒಳಗೆ ತರುವ ಓಟ. ದುಡ್ಡು ಖರ್ಚಾಗುವ ಒಂದು ಸುಖವೂ ಇದರಲ್ಲಿಲ್ಲ.

ಆದರೆ ಈ ಸುಖದ ತಳದಲ್ಲಿ ಒಂದು ಸಣ್ಣ ಮುಳ್ಳೂ ಇತ್ತು. ಈ ಹೊಲ, ಈ ಹಕ್ಕಿ, ಈ ಹಳದಿ ಹೂ ಎಲ್ಲವೂ ಅವರು ನೌಕರಿಯಲ್ಲಿದ್ದ ಮೂವತ್ತು ಚಿಲ್ಲರೆ ವರ್ಷವೂ ಶಾಲೆಯ ಕಿಟಕಿಯ ಆಚೆಗೇ ಇದ್ದವು. ಅರ್ಧವಾರ್ಷಿಕ ಪರೀಕ್ಷೆ, ಪೋರ್ಷನ್ನು, ಎಸ್ಸೆಸ್ಸೆಲ್ಸಿ ಫಲಿತಾಂಶದ ಶೇಕಡಾವಾರು ಲೆಕ್ಕದ ನಡುವೆ ಕಿಟಕಿಯ ಕಡೆ ನೋಡುತ್ತಿದ್ದ ಹುಡುಗರಿಗೆ ಅವರು ಹೇಳುತ್ತಿದ್ದುದು ಒಂದೇ ಮಾತು: ‘ಇಲ್ಲಿ ನೋಡೋ!’

ಮೇಷ್ಟ್ರಿಗೆ ಒಬ್ಬ ಮೊಮ್ಮಗ. ಬೆಂಗಳೂರಿನಲ್ಲಿ ಓದುತ್ತಾನೆ. ಅವನು ಆರನೆಯ ತರಗತಿಯಲ್ಲಿದ್ದಾಗ ದಸರಾ ರಜೆಗೆ ಅಮೃತೂರಿಗೆ ಬಂದ. ಆ ವರ್ಷ ಮಳೆ ಚೆನ್ನಾಗಿ ಹಿಡಿದಿತ್ತು. ಹುಡುಗನ ಜೊತೆ ಮೂರು ದಪ್ಪ ಪುಸ್ತಕಗಳೂ ಬಂದವು. ‘ಅಪ್ಪಾ, ದಿನಾ ಎರಡು ಗಂಟೆ ಲೆಕ್ಕ ಮಾಡಿಸಿ. ಸುಮ್ಮನೆ ತಿರುಗಾಡೋಕೆ ಬಿಡಬೇಡಿ. ಮುಂದೆ ಎಂಟ್ರೆನ್ಸು, ಗಿಂಟ್ರೆನ್ಸು ಎಲ್ಲಾ ಇದೆ’ ಎಂದು ಮಗಳು ಹೇಳಿ ಹೋದಳು. ಅವಳನ್ನು ಅನ್ನುವ ಹಾಗಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಮೇಷ್ಟ್ರೇ ರಜೆಯಲ್ಲಿ ಅವಳನ್ನು ದಿನಾ ಎರಡು ಗಂಟೆ ಲೆಕ್ಕಕ್ಕೆ ಕೂರಿಸುತ್ತಿದ್ದರು.

ಅಜ್ಜಿ ಆಗ ಗೊಂಬೆ ಕೂರಿಸುವ ಸಂಭ್ರಮದಲ್ಲಿದ್ದರು. ಮಂಚದ ಕೆಳಗಿನ ಟ್ರಂಕಿನಿಂದ ಪಟ್ಟದ ಗೊಂಬೆ, ಶೆಟ್ಟಿ-ಶೆಟ್ಟಮ್ಮ, ಸೆರಗು ಬಣ್ಣ ಮಾಸಿದ ಗೌರಿ ಒಂದೊಂದಾಗಿ ಹೊರಬಂದವು. ಕೊನೆಗೆ ಹಳೆಯ ಪಂಚೆಯಲ್ಲಿ ಸುತ್ತಿದ್ದ ಒಂದು ಹಿತ್ತಾಳೆ ಬಟ್ಟಲು. ಒಳಗೆ ನಿಂತ ವಸುದೇವ, ಅವನು ಎತ್ತಿ ಹಿಡಿದ ಶಿಶುಕೃಷ್ಣ.

‘ಇದಕ್ಕೆ ನೀರು ಹಾಕು ಪುಟ್ಟ’ ಎಂದರು ಅಜ್ಜಿ.

ಹುಡುಗ ಲೋಟದಿಂದ ನೀರು ಹೊಯ್ದ. ವಸುದೇವನ ಮೊಣಕಾಲು ಮುಳುಗಿತು, ಸೊಂಟ ಮುಳುಗಿತು, ಎದೆ ಮುಳುಗಿತು. ಏನೂ ಆಗಲಿಲ್ಲ. ನೀರು ಕೃಷ್ಣನ ಪಾದ ಮುಟ್ಟಿದ್ದೇ ತಡ, ಬಟ್ಟಲಿನ ತಳದಿಂದ ಸುರ್ರೆಂದು ಇಳಿಯತೊಡಗಿತು. ಒಂದಿಷ್ಟು ಇಳಿದು ನಿಲ್ಲಲಿಲ್ಲ. ಪೂರಾ ಖಾಲಿ! ಅಜ್ಜಿ ಕತೆ ಹೇಳಿದರು: ಯಮುನೆ ಉಕ್ಕಿ ಬಂದದ್ದು ಸ್ವಾಮಿಯ ಪಾದ ಮುಟ್ಟುವುದಕ್ಕೆ, ಮುಟ್ಟಿದಳು, ದಾರಿ ಬಿಟ್ಟಳು. ಹುಡುಗ ಹತ್ತು ಸಲ ನೀರು ಹಾಕಿದ. ಹನ್ನೊಂದನೆಯ ಸಲ ಕೇಳಿದ: ‘ತಾತ, ಪಾದ ಮುಟ್ಟಿದ ಮೇಲೆ ಮೇಲಿನ ನೀರು ಮಾತ್ರ ಹೋಗಬೇಕಲ್ವಾ? ಕೆಳಗಿನದೂ ಯಾಕೆ ಹೋಗುತ್ತೆ?’

ಮೇಷ್ಟ್ರು ಪತ್ರಿಕೆ ಕೆಳಗಿಟ್ಟರು.

ವಸುದೇವನ ಮೈಯೊಳಗೆ ಒಂದು ಬಾಗಿದ ಕೊಳವೆ ಇದೆ. ಅದರ ಒಂದು ಬಾಯಿ ಬಟ್ಟಲಿನ ತಳದ ಹತ್ತಿರ. ಅಲ್ಲಿಂದ ಕೊಳವೆ ಕೃಷ್ಣನ ಪಾದದ ಎತ್ತರಕ್ಕೆ ಏರಿ, ಬಾಗಿ, ಮತ್ತೆ ಇಳಿದು ಬಟ್ಟಲಿನ ಅಡಿಯಲ್ಲಿ ಹೊರಬರುತ್ತದೆ. ನೀರು ಆ ಬಾಗು ದಾಟುವವರೆಗೆ ಹನಿಯೂ ಹೊರಬೀಳದು. ದಾಟಿ ಕೊಳವೆ ತುಂಬಿಕೊಂಡಿತೋ, ಇಳಿಯುವ ನೀರು ಹಿಂದಿನ ನೀರನ್ನು ಎಳೆದುಕೊಳ್ಳುತ್ತಲೇ ಹೋಗುತ್ತದೆ. ಒಳಗಿನ ಬಾಯಿಗೆ ಗಾಳಿ ಸಿಕ್ಕ ಮೇಲೆಯೇ ಅದು ನಿಲ್ಲುವುದು. ಇದೇ ಸೈಫನ್. ಬಕೆಟ್ಟು, ಪ್ಲಾಸ್ಟಿಕ್ ಕೊಳವೆ ಹಿಡಿದು ತಾತ ಮೊಮ್ಮಗ ಹಿತ್ತಿಲಿನಲ್ಲಿ ಮಧ್ಯಾಹ್ನವೆಲ್ಲ ಒದ್ದೆಯಾದರು. ಲೆಕ್ಕದ ಎರಡು ಗಂಟೆ ಅಂದು ಹಾಗೇ ಹರಿದುಹೋಯಿತು.

‘ಇಷ್ಟೇ ಅಲ್ಲ, ಇದರ ದೊಡ್ಡಣ್ಣ ಒಬ್ಬ ಇದ್ದಾನೆ’ ಎಂದರು ಮೇಷ್ಟ್ರು.

ಅಮೃತೂರಿಗೆ ಹತ್ತಿರದಲ್ಲೇ ಇದೆ ಮಾರ್ಕೋನಹಳ್ಳಿ ಅಣೆಕಟ್ಟು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ಶಿಂಷೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು. ನಡುವೆ ಕಲ್ಲಿನ ಕಟ್ಟಡ, ಎರಡೂ ಬದಿಗೆ ಉದ್ದಕ್ಕೆ ಮಣ್ಣಿನ ಏರಿ. ಮರುದಿನ ಮೇಷ್ಟ್ರು ಟಿವಿಎಸ್ ಗಾಡಿಯ ಹಿಂದೆ ಮೊಮ್ಮಗನನ್ನು ಕೂರಿಸಿಕೊಂಡು ಹೊರಟರು. ಅಜ್ಜಿ ಚಕ್ಕುಲಿ ಕಟ್ಟಿಕೊಟ್ಟರು.

ಹೆಚ್ಚಾದ ನೀರನ್ನು ಹೊರಬಿಡಲು ಅಲ್ಲಿರುವುದು ಸೈಫನ್. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ಬಗೆಯದು. ನೆಟ್ಟಗೆ ನಿಂತ ದೊಡ್ಡ ಬಾವಿಯಂಥ ಕೊಳವೆ, ಬಾಯಲ್ಲಿ ಆಲಿಕೆಯ ಆಕಾರ, ಮೇಲೊಂದು ಗುಮ್ಮಟದ ಮುಚ್ಚಳ. ನೀರು ಅಂಚು ಮೀರಿತೆಂದರೆ ಆಲಿಕೆಯ ಬಾಯಲ್ಲಿರುವ ತಿರುಚಿದ ರೆಕ್ಕೆಗಳು ಅದನ್ನು ಸುಳಿಯಾಗಿ ತಿರುಗಿಸುತ್ತವೆ. ಸುಳಿ ಒಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ. ಗಾಳಿ ಖಾಲಿಯಾದೊಡನೆ ಕೊಳವೆ ಪೂರ್ತಿ ತುಂಬಿ ಭೋರ್ಗರೆದು ಹರಿಯುತ್ತದೆ. ನೀರಿನ ಮಟ್ಟ ಇಳಿದು ಗಾಳಿ ಒಳನುಗ್ಗಿದಾಗ ತಾನಾಗಿಯೇ ನಿಲ್ಲುತ್ತದೆ. ಇದಕ್ಕೆ ವಿದ್ಯುತ್ತು ಬೇಡ. ನಡುರಾತ್ರಿ ಮಳೆ ಸುರಿದರೆ ಗೇಟು ಎತ್ತಲು ಯಾರೂ ಓಡಿಬರಬೇಕಾಗಿಲ್ಲ.

‘ಗೇಟೇ ಇಲ್ವಾ!’ ಎಂದು ಹುಡುಗ ಬೆರಗಾದ. ಅಣೆಕಟ್ಟಿನ ಕೆಳಗೆ ಬಂಡೆಗಳ ನಡುವೆ ಮೊಣಕಾಲಷ್ಟು ನೀರು ಹರಿಯುತ್ತಿತ್ತು. ಕೆಲವರು ಇಳಿದು ಆಡುತ್ತಿದ್ದರು. ಹುಡುಗ ಚಪ್ಪಲಿ ಬಿಟ್ಟ. ಮೇಷ್ಟ್ರು ಬೇಡವೆಂದರು.

‘ತಾತ, ಎಲ್ಲಾರೂ ಇಳಿದಿದ್ದಾರೆ. ನೀರು ಇಷ್ಟೇ ಇಷ್ಟು.’

‘ನಿನ್ನೆ ಬಟ್ಟಲು ನಿನಗೆ ಹೇಳಿ ಖಾಲಿ ಆಯಿತೇನೋ?’

ಹುಡುಗ ಮಾತಾಡಲಿಲ್ಲ. ಏರಿಯ ಮೇಲೆಯೇ ಕುಳಿತು ಚಕ್ಕುಲಿ ತಿಂದರು. ಮೇಷ್ಟ್ರು ಕೆಳಗಿದ್ದವರನ್ನೂ ಕೂಗಿ ಕರೆದರು. ಇಬ್ಬರು ಮೇಲೆ ಬಂದರು, ಉಳಿದವರು ನಕ್ಕರು. ಅಂದು ಏನೂ ಆಗಲಿಲ್ಲ. ನೀರು ಅಂಚಿಗಿಂತ ಒಂದು ಗೇಣು ಕೆಳಗೇ ನಿಂತಿತ್ತು. ಹುಡುಗ ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಬಂದ. ‘ಏನೂ ಆಗಲೇ ಇಲ್ಲವಲ್ಲ’ ಎಂದು ಅಜ್ಜಿಯ ಮುಂದೆ ದೂರು ಹೇಳಿದ.

ಕೆಲವು ದಸರೆಗಳು ಕಳೆದವು. ಹುಡುಗ ಹೈಸ್ಕೂಲಿಗೆ ಬಂದ. ವಿಶೇಷ ತರಗತಿ ಎಂದು ರಜೆಗೆ ಬರುವುದು ನಿಂತಿತು. ಗೊಂಬೆಗಳ ನಡುವೆ ವಸುದೇವನ ಬಟ್ಟಲು ಒಣಗಿಯೇ ಇರುತ್ತಿತ್ತು.

2025ರ ಅಕ್ಟೋಬರ್ ಮೊದಲ ವಾರ ಕಳೆದು, ದಸರಾ ಮುಗಿದ ಬೆನ್ನಿಗೇ ಮಾರ್ಕೋನಹಳ್ಳಿಯಿಂದ ಆ ಸುದ್ದಿ ಬಂತು. ವಿಹಾರಕ್ಕೆ ಬಂದು ನೀರಿಗಿಳಿದಿದ್ದ ಒಂದು ಕುಟುಂಬದವರು ಹಠಾತ್ತನೆ ನುಗ್ಗಿದ ಸೈಫನ್ ನೀರಿನಲ್ಲಿ ಕೊಚ್ಚಿಹೋಗಿದ್ದರು. ಹೆಂಗಸರು, ಮಕ್ಕಳು. ಸುತ್ತಲಿನ ಊರುಗಳಲ್ಲಿ ಆ ರಾತ್ರಿ ಬೇರೆ ಮಾತಿರಲಿಲ್ಲ.

ಮಾರನೆಯ ದಿನ ಬೆಂಗಳೂರಿನಿಂದ ಫೋನು ಬಂತು. ಹುಡುಗನ ಗಂಟಲು ಒಡೆದಿತ್ತು, ಮೇಷ್ಟ್ರಿಗೆ ಮೊದಲು ಗುರುತೇ ಹತ್ತಲಿಲ್ಲ.

‘ತಾತ, ಪಾದ ಮುಟ್ಟಿಬಿಡ್ತಾ?’ ಎಂದ.

ಮೇಷ್ಟ್ರು ‘ಹೂಂ’ ಎಂದರು. ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ‘ಅವರಿಗೆ ಯಾರೂ ಹೇಳಿರಲಿಲ್ವಾ?’ ಎಂದು ಹುಡುಗ ಮತ್ತೆ ಕೇಳಿದ.

ಆ ಪ್ರಶ್ನೆ ಮೇಷ್ಟ್ರನ್ನು ಹಿಡಿದು ಕೂರಿಸಿತು. ಸತ್ತವರದು ತಪ್ಪೆನ್ನುವ ಮಾತಲ್ಲ ಅದು. ರಜೆಯ ದಿನ, ತುಂಬಿದ ಅಣೆಕಟ್ಟು, ಜೊತೆಗೆ ಮಕ್ಕಳು. ನೀರು ಕಂಡರೆ ಇಳಿಯಬೇಕೆನ್ನಿಸುವುದು ಯಾರಿಗಾದರೂ ಸಹಜ. ಆದರೆ ತಾವು ಎಷ್ಟು ಜನಕ್ಕೆ ಹೇಳಿದ್ದೆ ಎಂದು ಮೇಷ್ಟ್ರು ಲೆಕ್ಕ ಹಾಕಿದರು. ಮೂವತ್ತು ಚಿಲ್ಲರೆ ವರ್ಷ ವಾಯುವಿನ ಒತ್ತಡದ ಪಾಠ ಮಾಡಿದ್ದರು. ಬೋರ್ಡಿನ ಮೇಲೆ ಎರಡು ಪಾತ್ರೆ, ನಡುವೆ ಬಾಗಿದ ಕೊಳವೆ, ಬಾಣದ ಗುರುತು. ‘ಚಿತ್ರಕ್ಕೆ ಎರಡು ಅಂಕ, ಬರೆದುಕೊಳ್ಳಿ.’ ಶಾಲೆಯ ಪ್ರವಾಸವೆಂದರೆ ಬಸ್ಸು ಮಾಡಿಕೊಂಡು ಬೇಲೂರು, ಹಳೇಬೀಡು, ಜೋಗ. ಮಗ್ಗುಲಲ್ಲೇ ಇದ್ದ ಆ ಸೈಫನ್ನಿಗೆ ಒಂದು ತರಗತಿಯನ್ನೂ ಕರೆದೊಯ್ದಿರಲಿಲ್ಲ. ಸಮಯ ಸಿಕ್ಕಿರಲಿಲ್ಲ. ಈಗ ಸಮಯವಿದೆ, ತರಗತಿ ಇಲ್ಲ.

ಎರಡು ದಿನ ಅವರು ಹೊಲದ ಕಡೆ ಹೋಗಲಿಲ್ಲ. ಮೂರನೆಯ ದಿನ ಹೆಂಡತಿಯೇ ಬಟ್ಟಲನ್ನು ತೊಳೆದು, ಕೈಚೀಲದಲ್ಲಿಟ್ಟು, ಜಗಲಿಯ ಮೇಲೆ ತಂದಿಟ್ಟರು. ‘ಟ್ರಂಕಿನಲ್ಲಿಟ್ಟರೆ ಯಾರಿಗೇನು ಪ್ರಯೋಜನ?’ ಎಂದರು.

ರಜೆ ಮುಗಿದು ಶಾಲೆ ತೆರೆದ ಮೇಲೆ ಮೇಷ್ಟ್ರು ಅಂಗಿ ಇಸ್ತ್ರಿ ಮಾಡಿಸಿ, ಜೇಬಿಗೆ ಪೆನ್ನು ಸಿಕ್ಕಿಸಿ ಹೆಡ್‌ಮೇಷ್ಟ್ರನ್ನು ಕಂಡರು. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಮನೆಯವರ ಒಪ್ಪಿಗೆ ತಂದ ಮಕ್ಕಳಿಗೆ ಮಾತ್ರ. ಸಂಬಳವಿಲ್ಲ, ಹಾಜರಿಯಿಲ್ಲ, ಪರೀಕ್ಷೆಯಿಲ್ಲ. ಮೊದಲ ಶನಿವಾರ ಏಳು ಮಕ್ಕಳು ಬಂದರು. ಬಟ್ಟಲಿಗೆ ನೀರು ಹೊಯ್ಯಲು ಏಳು ಮಂದಿಗೂ ಸರದಿ ಸಿಕ್ಕಿತು. ಎರಡನೆಯ ಶನಿವಾರ ಅವರೆಲ್ಲ ರಾಗಿ ಹೊಲಕ್ಕೆ ಹೋದರು. ಮೂವತ್ತೈದರ ಆಸುಪಾಸಿನ ಆ ಯಜಮಾನ ಅಕ್ಕಡಿ ಸಾಲಿನ ಪಾಠ ಹೇಳಿದ. ಹುಚ್ಚೆಳ್ಳು ಹೂವು ಆಗಲೇ ಉದುರುತ್ತಿತ್ತು, ಕಾಳು ಕಟ್ಟಿತ್ತು. ಅಣೆಕಟ್ಟನ್ನು ಮಕ್ಕಳು ನೋಡಿದ್ದು ನೀರು ಇಳಿದು ತಿಂಗಳುಗಳಾದ ಮೇಲೆ, ಏರಿಯ ಮೇಲೆ ನಿಂತು.

ತಂದೆಯೊಬ್ಬರು ಮಗಳನ್ನು ಕಳುಹಿಸುವ ಮುಂಚೆ ಮೇಷ್ಟ್ರ ಜಗಲಿಗೆ ಬಂದು ಕುಳಿತರು. ಹುಡುಗಿ ಹತ್ತನೆಯ ತರಗತಿ. ಚುರುಕು. ಒಂದು ಗಂಟೆಯೂ ವ್ಯರ್ಥವಾಗಬಾರದೆಂಬುದು ಅವರ ಆತಂಕ. ನ್ಯಾಯವಾದದ್ದೇ.

‘ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಇವೆಲ್ಲ ಪರೀಕ್ಷೆಗೆ ಬರುತ್ತಾ?’

ಮೇಷ್ಟ್ರು ಸ್ವಲ್ಪ ಯೋಚಿಸಿದರು.

‘ಬರುತ್ತೆ’ ಎಂದರು. ‘ಯಾವತ್ತು ಅನ್ನೋದು ಮಾತ್ರ ಹೇಳೋಕಾಗಲ್ಲ.’

ಮುಂದಿನ ಶನಿವಾರ ಆ ಹುಡುಗಿ ಬಂದಳು, ತಮ್ಮನನ್ನೂ ಕರೆದುಕೊಂಡು. ಕಾಲುವೆಯ ಅಂಚಿನಲ್ಲಿ ಬೂದು ಸಿಪಿಲೆ ಬಾಲ ಕುಣಿಸುತ್ತಿತ್ತು. ಒಬ್ಬ ಹುಡುಗ ಮಾತು ಕೇಳದೆ ಅತ್ತಲೇ ನೋಡುತ್ತಿದ್ದ. ಮೇಷ್ಟ್ರು ಮಾತು ನಿಲ್ಲಿಸಿ, ಉಳಿದವರಿಗೂ ‘ಅಲ್ಲಿ ನೋಡಿ’ ಎಂದರು.